ಐದು ಕಲ್ಲಿಗೆ ಐದು ನಿಮಿಷ

ಮೀಟರಮ್ಮನ ಮನೆಯ ಮುಂದಿನ ಕೋಣೆಗೆ ಬಾಗಿಲು ಒಂದೇ, ಕಸುಬು ಎರಡು. ಎಡಗಡೆ ಕಿಟಕಿಯ ಬೆಳಕಿಗೆ ಅವಳ ಹೊಲಿಗೆ ಮಿಷನ್ನು, ಬಲಗಡೆ ಗೋಡೆಗೆ ಒತ್ತಿಕೊಂಡು ಯಜಮಾನರ ಮೇಜು. ಆ ಮೇಜಿನ ಮೇಲೆ ಕಾರುಗಳ ಸ್ಪೀಡೋಮೀಟರುಗಳು ಸದಾ ಹೊಟ್ಟೆ ಬಿಚ್ಚಿಕೊಂಡು ಬಿದ್ದಿರುತ್ತಿದ್ದವು. ಒಳಗೆ ಬಂದವರು ಎಡಕ್ಕೆ ತಿರುಗಿದರೆ ಅಂಗಿ, ಬಲಕ್ಕೆ ತಿರುಗಿದರೆ ಮೀಟರು. ಯಾವ ಕಡೆಗೂ ತಿರುಗದೆ ಕಣ್ಣು ಪಿಳಿಪಿಳಿ ಬಿಡುವವರಿಗೆ ನಡುವೆ ಒಂದು ಸ್ಟೂಲು ಇತ್ತು.

ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು ಅವಳು. ಮದುವೆಯಾಗಿ ಬಂದ ಮೊದಲ ವಾರ, ಗಂಡನ ಮೇಜಿನ ಮೇಲೆ ಮುಳ್ಳೊಂದು ಸೊನ್ನೆಯಿಂದ ಎದ್ದು ಮೆಲ್ಲಗೆ ಅರವತ್ತಕ್ಕೆ ಹೋಗಿ ನಿಂತದ್ದನ್ನು ಕಂಡು ಕೈಯಲ್ಲಿದ್ದ ನೀರಿನ ಲೋಟ ಹಾಗೇ ಬಗ್ಗಿಸಿಬಿಟ್ಟಿದ್ದಳು.

"ಇದನ್ನ ಎಬ್ಬಿಸಿದ್ದು ಯಾರು?" ಎಂದು ಕೇಳಿದ್ದಳು.

ಯಜಮಾನರಿಗೂ ಆಗ ವಯಸ್ಸು, ಹುಮ್ಮಸ್ಸು. ಚಕ್ರ ತಿರುಗಿದಷ್ಟೂ ಒಂದು ತಂತಿ ತಿರುಗುತ್ತದೆ, ಆ ತಂತಿ ಮೀಟರಿನೊಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ, ಅಯಸ್ಕಾಂತ ಮುಳ್ಳನ್ನು ಮುಂದಕ್ಕೆ ಎಳೆಯುತ್ತದೆ, ಕೂದಲಿನಷ್ಟು ಸಣ್ಣ ಸ್ಪ್ರಿಂಗು ಹಿಂದಕ್ಕೆ ಎಳೆಯುತ್ತದೆ ಎಂದು ವಿವರಿಸಿದ್ದರು. "ಇಬ್ಬರ ಜಗಳ ಎಲ್ಲಿ ಸರಿಹೋಗುತ್ತೋ, ಮುಳ್ಳು ಅಲ್ಲಿ ನಿಲ್ಲುತ್ತೆ."

"ಗಂಡ ಹೆಂಡತಿ ಅನ್ನಿ."

"ಬಂದು ಒಂದು ವಾರ ಆಗಿಲ್ಲ, ಆಗಲೇ ಎಳೆದಾಟ ಗೊತ್ತಾಯ್ತಾ ನಿನಗೆ?"

ಅವತ್ತಿನಿಂದ ಅವಳ ಒಂದು ಕಣ್ಣು ಹೊಲಿಗೆಯ ಮೇಲೆ, ಇನ್ನೊಂದು ಕಣ್ಣು ಬಲಗಡೆಯ ಮೇಜಿನ ಮೇಲೆ. ಇಪ್ಪತ್ತೊಂಬತ್ತು ವರ್ಷ ಹೀಗೇ ನಡೆಯಿತು. ಆಮೇಲೆ ಯಜಮಾನರ ಕೈ ನಡುಗತೊಡಗಿತು. ಮೊದಮೊದಲು ಬಲಗೈಯ ಹೆಬ್ಬೆರಳು, ಆಮೇಲೆ ಎರಡೂ ಕೈ. ಚಿಮಟದಲ್ಲಿ ಹಿಡಿದ ಸ್ಪ್ರಿಂಗು ಮೂರು ಸಲ ನೆಲಕ್ಕೆ ಹಾರಿದ ದಿನ ಅವರು ಚಿಮಟ ಮೇಜಿನ ಮೇಲಿಟ್ಟು ಗೋಡೆ ನೋಡುತ್ತಾ ಕೂತರು. ಮೀಟರಮ್ಮ ಹೊಲಿಗೆ ಬಿಟ್ಟು ಎದ್ದು ಬಂದಳು, ನೆಲದ ಮೇಲಿನ ಸ್ಪ್ರಿಂಗನ್ನು ಉಗುರಿನಲ್ಲಿ ಎತ್ತಿದಳು, ಚಿಮಟ ತೆಗೆದುಕೊಂಡು ಅದರ ಜಾಗದಲ್ಲಿ ಕೂರಿಸಿದಳು. ಯಜಮಾನರು ಬಗ್ಗಿ ನೋಡಿದರು. "ಎಡಕ್ಕೆ ಇನ್ನೊಂದು ಚೂರು," ಅಂದರು.

"ಕೈ ನಡುಗಿದರೇನಂತೆ, ನಿಮ್ಮ ಬಾಯಿ ಗಟ್ಟಿಯಾಗೇ ಇದೆಯಲ್ಲ, ಸಾಕು," ಅಂದಳು ಇವಳು.

ಹೀಗೆ ಬಾಯಿ ಅವರದ್ದು, ಕೈ ಇವಳದ್ದು ಆಗಿ ಎರಡು ವರ್ಷ. ಟ್ಯಾಕ್ಸಿ ಸ್ಟ್ಯಾಂಡಿನ ಡ್ರೈವರುಗಳು ಮೊದಲು ತಮಾಷೆಗೆ 'ಮೀಟರಮ್ಮ' ಅಂದರು. ಆಮೇಲೆ ತಮಾಷೆ ಉದುರಿಹೋಗಿ ಹೆಸರು ಉಳಿಯಿತು.

ತೊಂದರೆ ಬಂದದ್ದು ಇಕ್ಕಳದಿಂದ. ರಿಪೇರಿ ಮಾಡಿದ ಪ್ರತಿ ಮೀಟರಿನ ಹಿಂದೆ ದಾರ ಪೋಣಿಸಿ, ಕಡಲೆಕಾಳಿನಷ್ಟು ಸೀಸ ಇಟ್ಟು, ಒಂದು ವಿಶೇಷ ಇಕ್ಕಳದಲ್ಲಿ ಅದುಮಿ ಮುದ್ರೆ ಹಾಕಬೇಕು. ಮುದ್ರೆ ಇಲ್ಲದ ಮೀಟರಿಗೆ ಬೆಲೆ ಇಲ್ಲ. ಆ ಇಕ್ಕಳ ವಾಹನ ತಪಾಸಣೆ ಕಚೇರಿಯದ್ದು, ಅದನ್ನು ಯಾರು ಇಟ್ಟುಕೊಳ್ಳಬಹುದು ಎಂಬ ಕಾಗದ ಯಜಮಾನರ ಹೆಸರಿನಲ್ಲಿತ್ತು. ಕಾಗದ ಹೊಸದು ಮಾಡಿಕೊಡಲು ಬಂದ ತನಿಖೆ ಸಾಹೇಬರು ಯಜಮಾನರು ಟೀ ಲೋಟ ಎತ್ತುವುದನ್ನು ನೋಡಿದರು. ಅರ್ಧ ಟೀ ಕೆಳಗಿನ ತಟ್ಟೆಗೆ ಚೆಲ್ಲಿತ್ತು.

"ಈ ಕೈಯಲ್ಲಿ ಮುಳ್ಳು ಕೂರಿಸ್ತೀರಾ?" ಎಂದು ಸಾಹೇಬರು ಕೇಳಿದರು. ಅವರದ್ದು ಮೆತ್ತನೆಯ ದನಿ, ಆದರೆ ಬಗ್ಗುವ ಆಸಾಮಿಯಲ್ಲ.

"ನಾನು ಕೂರಿಸ್ತೀನಿ," ಎಂದು ಎಡಗಡೆಯಿಂದ ದನಿ ಬಂತು.

ಸಾಹೇಬರು ತಿರುಗಿ ನೋಡಿದರು. ಮೀಟರಮ್ಮನ ಬಾಯಲ್ಲಿ ಮೂರು ಗುಂಡುಸೂಜಿ. ಅವನ್ನು ತೆಗೆದು ತೋಳಿಗೆ ಚುಚ್ಚಿಕೊಂಡು ಮತ್ತೊಮ್ಮೆ ಹೇಳಿದಳು: "ಎರಡು ವರ್ಷದಿಂದ ನಾನೇ ಕೂರಿಸ್ತಿರೋದು, ಸಾರ್. ನೀವು ಪಾಸು ಮಾಡಿದ್ದೆಲ್ಲಾ ನನ್ನ ಕೈಯದ್ದೇ."

ಯಜಮಾನರಿಗೆ ಕೆಮ್ಮು ಬಂದುಬಿಟ್ಟಿತು. ಸಾಹೇಬರು ಮಾತ್ರ ಕೋಪ ಮಾಡಿಕೊಳ್ಳಲಿಲ್ಲ. ಕೆಟ್ಟದ್ದನ್ನು ಸರಿ ಮಾಡುವುದು ಬೇರೆ, ಲೆಕ್ಕ ಹಾಕಿ ಹೊಂದಿಸುವುದು ಬೇರೆ ಅಂದರು. ಟೈರಿನ ಅಳತೆ ಬದಲಾದ ಒಂದು ಕಾರಿಗೆ ಮೀಟರು ಹೊಂದಿಸಿ ಬರುವ ಶುಕ್ರವಾರ ಹತ್ತು ಗಂಟೆಗೆ ಕಚೇರಿಗೆ ತರಬೇಕು. ನಲವತ್ತು, ಅರವತ್ತು, ಎಂಬತ್ತು, ಮೂರರಲ್ಲೂ ಒಂದು ಕಿಲೋಮೀಟರಿಗಿಂತ ಹೆಚ್ಚು ತಪ್ಪು ಇರಬಾರದು. "ಸರಿ ಇದ್ದರೆ ಕಾಗದ ನಿಮ್ಮ ಹೆಸರಿಗೆ. ಇಲ್ಲದಿದ್ದರೆ ಅವತ್ತೇ ಇಕ್ಕಳ ವಾಪಸು ಕೊಟ್ಟುಬಿಡಿ, ಅಮ್ಮ. ನನ್ನ ಮೇಲೆ ಬೇಜಾರು ಬೇಡ."

ಸಾಹೇಬರು ಹೊರಟ ಮೇಲೆ ಮೀಟರಮ್ಮ ತೋಳಿನ ಗುಂಡುಸೂಜಿಗಳನ್ನು ಕಿತ್ತು ಡಬ್ಬಿಗೆ ಹಾಕಿದಳು. ಹೆದರಿಕೆ ಇತ್ತು, ಇಲ್ಲವೆಂದಲ್ಲ. ಆದರೆ ಹೆದರಿಕೆಯ ಕೆಳಗೆ ಬೇರೆ ಏನೋ ಕುದಿಯುತ್ತಿತ್ತು. ತನ್ನ ಹೆಸರಿಗೆ ಕಾಗದ! ರೇಷನ್ನು ಚೀಟಿ ಬಿಟ್ಟರೆ ಅವಳ ಹೆಸರು ಇರುವ ಕಾಗದ ಆ ಮನೆಯಲ್ಲಿ ಇನ್ನೊಂದಿರಲಿಲ್ಲ.

ಟೈರು ಬದಲಾದ ಕಾರಿಗೆ ಹುಡುಕಬೇಕಾಗಲಿಲ್ಲ. ಯಜಮಾನರ ತಂಗಿಯೇ ಟ್ಯಾಕ್ಸಿ ಓಡಿಸುವವಳು. ಕಲ್ಲು ಗಣಿಯ ದಾರಿಗೆ ಹೋಗಿ ಬಂದು ಕಾರಿನ ಹೊಟ್ಟೆ ಕೆರೆದುಕೊಳ್ಳುತ್ತದೆ ಎಂದು ಹೋದ ವಾರವಷ್ಟೇ ದೊಡ್ಡ ಟೈರು ಹಾಕಿಸಿಕೊಂಡಿದ್ದಳು. ಸೋಮವಾರ ಬೆಳಿಗ್ಗೆ ಹಾರನ್ನು ಹೊಡೆಯುತ್ತಾ ಬಂದು ಬಾಗಿಲಿಗೇ ಕಾರು ತಂದು ನಿಲ್ಲಿಸಿದಳು.

"ಅತ್ತಿಗೇ, ಈ ಮೀಟರು ಬಾಯಿ ತೆಗೆದರೆ ಸುಳ್ಳು! ಎಲ್ಲರನ್ನೂ ಹಿಂದೆ ಹಾಕ್ಕೊಂಡು ಹೋಗ್ತಿದ್ದೀನಿ, ಇದು ನೋಡಿದರೆ ಐವತ್ತು ಐವತ್ತು ಅಂತ ಜಪ ಮಾಡ್ತಿದೆ."

"ಟೈರು ದೊಡ್ಡದಾದರೆ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತೆ. ಸುತ್ತು ಕಡಿಮೆ ಆದರೆ ಮೀಟರು ಕಡಿಮೆ ತೋರಿಸುತ್ತೆ. ಅದಕ್ಕೇನು ಗೊತ್ತು ನೀನು ಟೈರು ಬದಲಿಸಿದ್ದು? ಅದಕ್ಕೆ ಯಾರಾದರೂ ಹೇಳಬೇಕು," ಅಂದಳು ಮೀಟರಮ್ಮ.

"ನೀವು ಹೇಳ್ತೀರಾ?"

"ನಾನೇ ಹೇಳ್ತೀನಿ."

"ಆಹಾ! ಹಾಗಿದ್ದರೆ ಶುಕ್ರವಾರ ಸಾಹೇಬರ ಮುಂದೆ ಕಾರಿಗೂ ಹೊಸ ಟೈರು, ನನಗೂ ಹೊಸ ಅಂಗಿ. ಹೋದ ವಾರ ಅಳತೆ ತಗೊಂಡಿರಲ್ಲ, ಆ ಬಿಳೀ ಅಂಗಿ ಗುರುವಾರಕ್ಕೆ ಕೊಟ್ಟುಬಿಡಿ."

ಟೈರು ಅಳೆಯುವುದಕ್ಕೆ ಯಜಮಾನರದ್ದೇ ಒಂದು ಪದ್ಧತಿ. ಕಾರನ್ನು ಎತ್ತಿ ಟೈರಿನ ಸುತ್ತ ಟೇಪು ಸುತ್ತುವುದು ಸೋಮಾರಿಗಳ ಕೆಲಸ ಎನ್ನುತ್ತಿದ್ದರು. ಭಾರ ಬಿದ್ದರೆ ಟೈರು ಕೆಳಗೆ ಚಪ್ಪಟೆಯಾಗುತ್ತದೆ, ಅದರ ನಿಜವಾದ ಹೆಜ್ಜೆ ಅದು. ಡ್ರೈವರನ್ನು ಒಳಗೆ ಕೂರಿಸಬೇಕು, ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಬೇಕು, ಕಾರನ್ನು ನೆಟ್ಟಗೆ ಮೂರು ಸುತ್ತು ತಳ್ಳಬೇಕು, ಗುರುತಿನಿಂದ ಗುರುತಿಗೆ ಅಳೆದು ಮೂರರಿಂದ ಭಾಗಿಸಬೇಕು. ಮೀಟರಮ್ಮ ಅದನ್ನು ಒಂದು ಎಳೆ ತಪ್ಪದೆ ಮಾಡಿದಳು. ನಾದಿನಿ ಒಳಗೆ ರಾಣಿಯ ಹಾಗೆ ಕೂತಳು, ಇವಳೂ ಯಜಮಾನರೂ ಹಿಂದಿನಿಂದ ತಳ್ಳಿದರು. ಎದುರು ಮನೆಯ ಮುದುಕ ಕಿಟಕಿಯಿಂದ ತಲೆ ಹಾಕಿ, "ಪೆಟ್ರೋಲು ಖಾಲಿಯಾ?" ಎಂದು ಕೇಳಿದ. "ಪೆಟ್ರೋಲಿದೆ, ಬುದ್ಧಿ ಖಾಲಿ!" ಎಂದು ನಾದಿನಿ ಒಳಗಿನಿಂದಲೇ ಕೂಗಿದಳು.

ಅಳೆಯಲು ಹೋದರೆ ಯಜಮಾನರ ಉಕ್ಕಿನ ಟೇಪು ಇಲ್ಲ. ಹೋದ ವರ್ಷವೇ ಅದರ ಸ್ಪ್ರಿಂಗು ಮುರಿದು, ಪಟ್ಟಿ ಎರಡು ತುಂಡಾಗಿ ಕಸದ ಬುಟ್ಟಿ ಸೇರಿತ್ತು.

"ನಿನ್ನ ಟೇಪು ತಾ," ಅಂದರು ಯಜಮಾನರು.

"ಹೊಲಿಗೆ ಟೇಪಾ? ರಸ್ತೆ ಮೇಲಾ?"

"ಅಳತೆ ಅಂದರೆ ಅಳತೆ. ಸೆಂಟಿಮೀಟರಿನಲ್ಲೂ ಗಂಡಸರದ್ದು ಹೆಂಗಸರದ್ದು ಅಂತ ಇದೆಯಾ?"

ಅವಳು ಕುತ್ತಿಗೆಯಿಂದ ಟೇಪು ತೆಗೆದಳು. ಧೂಳು, ಎಣ್ಣೆ ಕಲೆಗಳ ಮೇಲೆ ಹಾಸಿ ನಾಲ್ಕು ಸಲ ಅಳೆದಳು. ಮೂರು ಸುತ್ತಿಗೆ ಐನೂರ ಅರವತ್ತೈದು. ಭಾಗಿಸಿದರೆ ಒಂದು ಸುತ್ತಿಗೆ ನೂರ ಎಂಬತ್ತೆಂಟು ಚಿಲ್ಲರೆ. ಹಳೇ ಟೈರಿನ ಅಳತೆ ಯಜಮಾನರೇ ಐದು ವರ್ಷದ ಹಿಂದೆ ಉಕ್ಕಿನ ಟೇಪಿನಲ್ಲಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು: ನೂರ ಎಂಬತ್ತು. ಹಾಗಾದರೆ ನೂರಕ್ಕೆ ನಾಲ್ಕೂವರೆ ಹೆಚ್ಚು. ತಂತಿ ಅಷ್ಟೇ ಜೋರಾಗಿ ತಿರುಗುವಂತೆ ಮಾಡಿದರೆ ಆಯಿತು.

ಅದಕ್ಕೆ ತಂತಿಯ ನಡುವೆ ಬೆಂಕಿಪೊಟ್ಟಣದಷ್ಟು ಒಂದು ಪೆಟ್ಟಿಗೆ ಕೂರಿಸುತ್ತಾರೆ. ಒಳಗೆ ಎರಡು ಹಲ್ಲುಚಕ್ರ. ಎಷ್ಟು ಹಲ್ಲಿನ ಚಕ್ರ ಎಷ್ಟು ಹಲ್ಲಿನದನ್ನು ತಿರುಗಿಸುತ್ತದೆ ಎಂಬುದರಲ್ಲೇ ಎಲ್ಲಾ ಲೆಕ್ಕ. ಯಜಮಾನರು ಬಿಸ್ಕತ್ತಿನ ಡಬ್ಬಿಯಲ್ಲಿ ಚಕ್ರಗಳನ್ನು ಜೋಡಿ ಜೋಡಿಯಾಗಿ ದಾರ ಕಟ್ಟಿ, ಪ್ರತಿ ಜೋಡಿಗೂ ಒಂದು ಚೀಟಿ ಅಂಟಿಸಿ ಇಟ್ಟಿದ್ದರು. ಮೀಟರಮ್ಮ ಹುಡುಕಿ ಹುಡುಕಿ ಇಪ್ಪತ್ತಮೂರು ಇಪ್ಪತ್ತೆರಡರ ಜೋಡಿ ಹೊರಗೆ ತೆಗೆದಳು. ಚೀಟಿಯಲ್ಲಿ 'ನೂರಕ್ಕೆ ನಾಲ್ಕೂವರೆ' ಎಂದಿತ್ತು. ಅಳೆದ ಅಳತೆಯೂ ಚೀಟಿಯೂ ಹೀಗೆ ಕೈ ಕೈ ಹಿಡಿದುಕೊಂಡದ್ದು ನೋಡಿ ಅವಳಿಗೆ ಮೈ ಝುಂ ಎಂದಿತು. ಮಂಗಳವಾರವೆಲ್ಲಾ ಹಲ್ಲು ತೊಳೆದು, ಎಣ್ಣೆ ಬಿಟ್ಟು, ಪೆಟ್ಟಿಗೆ ಕೂರಿಸಿದಳು. ಬುಧವಾರ ಕೈ ತಿಕ್ಕಿ ತಿಕ್ಕಿ ತೊಳೆದು ನಾದಿನಿಯ ಬಿಳೀ ಅಂಗಿಗೆ ಕತ್ತರಿ ಹಾಕಿದಳು. ಹಳೇ ಟೇಪು ಎಣ್ಣೆಯಲ್ಲಿ ಕರ್ರಗಾಗಿತ್ತು. ದಾರದ ಅಂಗಡಿಯವನು ಯಾವತ್ತೋ ಕೊಟ್ಟಿದ್ದ ಹೊಸ ಟೇಪನ್ನು ಡ್ರಾಯರಿನಿಂದ ತೆಗೆದು, ಅದರ ಕಾಗದ ಹರಿದು, ಅದರಲ್ಲೇ ಬಟ್ಟೆ ಅಳೆದಳು.

ಗುರುವಾರ ಬೆಳಿಗ್ಗೆ ರಸ್ತೆ ಪರೀಕ್ಷೆ. ಊರಾಚೆಯ ನೇರ ರಸ್ತೆಯಲ್ಲಿ ಕಿಲೋಮೀಟರಿಗೆ ಒಂದರಂತೆ ಕಲ್ಲುಗಳಿವೆ. ಮುಳ್ಳನ್ನು ಅರವತ್ತರಲ್ಲಿ ನಿಲ್ಲಿಸಿ ಹೋದರೆ ಒಂದು ಕಲ್ಲಿಗೆ ಒಂದು ನಿಮಿಷ, ಐದು ಕಲ್ಲಿಗೆ ಐದು ನಿಮಿಷ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಾದಿನಿಯ ಕಾಲು ಆಕ್ಸಿಲರೇಟರಿನ ಮೇಲೆ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಮೀಟರಮ್ಮ ಪಕ್ಕದಲ್ಲಿ ಸ್ಟಾಪ್ ವಾಚು ಹಿಡಿದು, ಯಜಮಾನರು ಹಿಂದೆ ಎರಡು ಸೀಟಿನ ನಡುವೆ ಕತ್ತು ತೂರಿಸಿಕೊಂಡು.

"ಮುಳ್ಳು ಅಲ್ಲಾಡಬಾರದು!"

"ಅಣ್ಣಾ, ಅಲ್ಲಾಡ್ತಿರೋದು ನಿನ್ನ ಗದ್ದ. ಸ್ವಲ್ಪ ಹಿಂದೆ ಸರಿ, ಕಿವಿಯಲ್ಲಿ ಉಸಿರು ಬಿಡಬೇಡ."

ಮೊದಲ ಕಲ್ಲು ದಾಟುತ್ತಲೇ ಮೀಟರಮ್ಮ ಗುಂಡಿ ಒತ್ತಿದಳು. ಎರಡು, ಮೂರು, ನಾಲ್ಕು. ಕಲ್ಲುಗಳು ಓಡಿ ಬಂದು ಹಿಂದೆ ಬಿದ್ದವು. ಅವಳ ಕಣ್ಣು ವಾಚಿಗೂ ರಸ್ತೆಗೂ ಓಡಾಡುತ್ತಿತ್ತು. ಐದನೆಯ ಕಿಲೋಮೀಟರು ಮುಗಿದ ಕಲ್ಲು ಬಾಗಿಲಿನ ಪಕ್ಕ ಬಂದಾಗ ಮತ್ತೆ ಒತ್ತಿದಳು.

ನಾಲ್ಕು ನಿಮಿಷ ಐವತ್ತನಾಲ್ಕು ಸೆಕೆಂಡು.

ತಿರುಗಿಸಿಕೊಂಡು ಬಂದು ಇನ್ನೊಮ್ಮೆ ನೋಡಿದರು. ಮತ್ತೆ ಐವತ್ತನಾಲ್ಕು. ಕಾರು ಅರವತ್ತಕ್ಕಿಂತ ಜೋರಾಗಿ ಹೋಗುತ್ತಿತ್ತು, ಅರವತ್ತೊಂದನ್ನು ದಾಟಿತ್ತು. ಸಾಹೇಬರು ಬಿಡುವುದು ಒಂದೇ ಕಿಲೋಮೀಟರು. ಅಂದರೆ ಫೇಲು. ಇಕ್ಕಳ ಹೋಯಿತು.

"ಸ್ಪ್ರಿಂಗು ಬಿಗಿಯಾಗಿದೆ. ಬಿಚ್ಚು, ಸಡಿಲ ಮಾಡು," ಅಂದರು ಯಜಮಾನರು ಮನೆಗೆ ಬರುತ್ತಲೇ.

"ಅದೆಲ್ಲಾ ಯಾಕೆ?" ಅಂದಳು ನಾದಿನಿ. "ಮುಳ್ಳನ್ನೇ ಹಿಡಿದು ಒಂದು ಕೂದಲಷ್ಟು ಮುಂದೆ ತಳ್ಳಿಬಿಡಿ ಅತ್ತಿಗೆ. ಯಾರಿಗೆ ಗೊತ್ತಾಗುತ್ತೆ?"

"ಅರವತ್ತರಲ್ಲಿ ಸರಿ ಕಾಣುತ್ತೆ, ನಲವತ್ತರಲ್ಲೂ ಎಂಬತ್ತರಲ್ಲೂ ಮಾನ ಹೋಗುತ್ತೆ. ನಿಂತ ಕಾರಿನಲ್ಲೂ ಮುಳ್ಳು ಒಂದರ ಮೇಲೆ ಕೂತಿರುತ್ತೆ. ಸಾಹೇಬರಿಗೆ ಕಣ್ಣಿಲ್ವಾ?"

ಅವಳು ಕೂರಲಾರದೆ ಕೋಣೆಯಲ್ಲಿ ಆಚೆ ಈಚೆ ನಡೆದಳು. ತಟ್ಟನೆ ನಿಂತಳು. "ದೂರ ಎಣಿಸೋ ಅಂಕಿ ಎಷ್ಟು ತೋರಿಸಿತು? ಐದು ಕಲ್ಲಿಗೆ?"

ನಾದಿನಿ ಹುಬ್ಬು ಗಂಟು ಹಾಕಿದಳು. "ಕೊನೇ ಕೆಂಪು ಅಂಕಿ ಇನ್ನೂ ಒಂಬತ್ತರಲ್ಲೇ ಇತ್ತು. ನಾಲ್ಕು, ಒಂಬತ್ತು. ಕಿಲೋಮೀಟರಿನ ಹತ್ತನೇ ಒಂದು ಭಾಗ ಕಡಿಮೆ."

"ನೋಡಿ! ನೋಡಿ ಅಲ್ಲೇ ಇದೆ!" ಎಂದು ಮೀಟರಮ್ಮ ಮೇಜು ಬಡಿದಳು. ಸ್ಕ್ರೂಗಳೆಲ್ಲಾ ಕುಣಿದವು. "ಆ ಅಂಕಿಗಳಿಗೆ ಸ್ಪ್ರಿಂಗೇ ಇಲ್ಲ ರೀ! ಅವು ಬರೀ ಹಲ್ಲಿನ ಮೇಲೆ ತಿರುಗೋದು. ಮುಳ್ಳೂ ಅಷ್ಟೇ ಕಡಿಮೆ, ಅಂಕಿಯೂ ಅಷ್ಟೇ ಕಡಿಮೆ. ಹಾಗಾದರೆ ಮೀಟರಿನದ್ದು ತಪ್ಪೇ ಅಲ್ಲ. ನಾವು ಅದಕ್ಕೆ ಹೇಳಿದ್ದೇ ತಪ್ಪು."

ಯಜಮಾನರು ಮೂವತ್ತು ವರ್ಷಕ್ಕೂ ಮೇಲೆ ಈ ಕಸುಬು ಮಾಡಿದವರು. ಹೆಂಡತಿ ಹೇಳಿದ್ದು ಸರಿ ಎಂದು ಅವರಿಗೆ ತಕ್ಷಣ ಗೊತ್ತಾಯಿತು. "ಹಲ್ಲು ಎಣಿಸು," ಎಂದಷ್ಟೇ ಅಂದರು.

ಹಲ್ಲು ಎಣಿಸಿದಳು. ಇಪ್ಪತ್ತಮೂರು, ಇಪ್ಪತ್ತೆರಡು, ಸರಿಯಾಗೇ ಇದ್ದವು. ಮತ್ತೆ ಕಾರು ತಳ್ಳಿದರು, ಮತ್ತೆ ಅಳೆದರು. ಐನೂರ ಅರವತ್ತೈದು! ಎದುರು ಮನೆಯ ಮುದುಕ, "ಇನ್ನೂ ಸ್ಟಾರ್ಟ್ ಆಗಿಲ್ವಾ?" ಅಂದ. ಈ ಸಲ ನಾದಿನಿ ಕಾರಿನ ಗಾಜು ಏರಿಸಿಬಿಟ್ಟಳು. ಮಧ್ಯಾಹ್ನ ಮೂರು ಗಂಟೆ. ಅಳತೆ ಸರಿ, ಹಲ್ಲು ಸರಿ, ಮೀಟರು ಸರಿ, ಎಲ್ಲಾ ಸೇರಿದರೆ ತಪ್ಪು.

"ನನ್ನ ಅಂಗಿಯಾದರೂ ಕೊಡಿ. ಇಕ್ಕಳ ವಾಪಸು ಕೊಡೋಕೆ ಹೋಗುವಾಗ ಚೆಂದಾಗಿ ಹೋಗೋಣ," ಅಂದಳು ನಾದಿನಿ.

ಒಳಕೋಣೆಗೆ ಹೋಗಿ ಹಾಕಿಕೊಂಡು ಬಂದಳು. ಬಂದವಳ ಮುಖ ಕೆಂಪು. ಕಾಲರಿನ ಗುಂಡಿ ಹಾಕಿದ್ದಳು, ಕಣ್ಣು ಮೇಲೆ ಹೋಗಿತ್ತು. ತೋಳೆತ್ತಿದರೆ ಭುಜದ ಹೊಲಿಗೆ ಕಿರ್ ಎಂದಿತು.

"ಅತ್ತಿಗೆ, ಇದು ಅಂಗಿಯೋ, ಕತ್ತು ಹಿಸುಕೋ ಯಂತ್ರವೋ?"

"ನೀನೇ ದಪ್ಪ ಆಗಿದ್ದೀಯ."

"ಹತ್ತು ದಿನದಲ್ಲಿ ಕತ್ತು ದಪ್ಪ ಆಗುತ್ತಾ? ನಾನೇನು ಎಮ್ಮೆಯಾ? ನೀವೇ ಅಲ್ವಾ ಅಳತೆ ತಗೊಂಡಿದ್ದು?"

"ನಾನೇ ತಗೊಂಡೆ. ಮೂವತ್ತೊಂದು ವರ್ಷದಲ್ಲಿ ನನ್ನ ಹೊಲಿಗೆ ಯಾರಿಗೂ ಬಿಗಿ ಆಗಿಲ್ಲ," ಎಂದು ಮೀಟರಮ್ಮ ರೇಗಿದಳು. ನಾದಿನಿಯ ಕತ್ತಿಗೆ ಟೇಪು ಸುತ್ತಿದಳು. ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಹೊಸ ಟೇಪು ಅದು. ನಲವತ್ತು. ಚೀಟಿಯಲ್ಲಿ ಬರೆದದ್ದು ಮೂವತ್ತೊಂಬತ್ತು ಚಿಲ್ಲರೆ. "ಅಯ್ಯೋ, ಇದೇನು..."

ಅವಳ ಕೈ ನಿಂತುಹೋಯಿತು.

ಮೇಜಿನ ಕೆಳಗೆ ಬಿದ್ದಿದ್ದ ಕರಿ ಟೇಪನ್ನು ಎತ್ತಿಕೊಂಡಳು. ಎರಡರ ತುದಿಯನ್ನೂ ಒಂದೇ ಮೊಳೆಗೆ ನೇತುಹಾಕಿದಳು. ಎರಡೂ ನೂರೈವತ್ತು ಸೆಂಟಿಮೀಟರಿನ ಟೇಪು. ಹೊಸದು ಒಂದು ಕಡೆ ನಿಂತಿತು. ಹಳೆಯದು ಅದನ್ನೂ ದಾಟಿ ಎರಡು ಬೆರಳಿನಷ್ಟು ಕೆಳಗೆ ಇಳಿದು, ತುದಿಯ ತಗಡು ಗೋಡೆಗೆ ಟಿಕ್ ಟಿಕ್ ಎಂದು ತಾಗುತ್ತಾ ತೂಗಾಡಿತು.

"ಎಳೆದೂ ಎಳೆದೂ ಹಿಗ್ಗಿಬಿಟ್ಟಿದೆ!" ಎಂದು ಕಿರುಚಿದಳು ಮೀಟರಮ್ಮ. "ಮೂವತ್ತೊಂದು ವರ್ಷ ಎಳೆದಿದ್ದೀನಿ ಇದನ್ನ!"

"ಹಾಗಾದರೆ ಇಷ್ಟು ವರ್ಷ ಎಲ್ಲರ ಬಟ್ಟೆಯೂ ತಪ್ಪಾ?" ಎಂದು ನಾದಿನಿ ಗಾಬರಿಯಾದಳು.

"ಇಲ್ಲ! ಅದೇ ನೋಡು ಮಜಾ!" ಮೀಟರಮ್ಮನಿಗೆ ಮಾತು ಒಂದರ ಮೇಲೊಂದು ಹತ್ತಿಕೊಂಡು ಬಂತು. "ಮೈ ಅಳೆದದ್ದೂ ಇದರಲ್ಲೇ, ಬಟ್ಟೆ ಅಳೆದದ್ದೂ ಇದರಲ್ಲೇ. ಮೈಗೆ ಹೇಳಿದ ಸುಳ್ಳನ್ನೇ ಬಟ್ಟೆಗೂ ಹೇಳ್ತು. ಅದಕ್ಕೇ ಯಾವತ್ತೂ ಕೂತ್ಕೊಳ್ತಿತ್ತು. ನಿನ್ನ ಮೈ ಹಳೇ ಟೇಪಿನಲ್ಲಿ, ಬಟ್ಟೆ ಹೊಸ ಟೇಪಿನಲ್ಲಿ, ಅದಕ್ಕೇ ಬಿಗಿ. ಟೈರೂ ಹಾಗೇ! ಟೈರನ್ನ ನಾನು ಇದರಲ್ಲಿ ಅಳೆದೆ. ರಸ್ತೆ ಕಲ್ಲು ನೆಟ್ಟವನು ನನ್ನ ಟೇಪು ಹಿಡಿದುಕೊಂಡು ನೆಡಲಿಲ್ಲವಲ್ಲ!"

ಯಜಮಾನರು ತಲೆ ಮೇಲೆ ಕೈ ಹೊತ್ತರು. ಆ ನಡುಗುವ ಕೈಯೂ ಒಂದು ಗಳಿಗೆ ಸುಮ್ಮನಿತ್ತು.

"ರೀ, ಸೆಂಟಿಮೀಟರಿನಲ್ಲಿ ಗಂಡಸರದ್ದು ಹೆಂಗಸರದ್ದು ಇದೆಯಾ ಅಂದಿರಲ್ಲ, ಇದೆ. ಹೆಂಗಸರದ್ದು ಸ್ವಲ್ಪ ಧಾರಾಳ," ಅಂದಳು ಅವಳು.

"ಆಡಿಕೋ, ಆಡಿಕೋ. ಮೊದಲು ಕಾರು ತಳ್ಳು."

ಈ ಸಲ ಅವಳು ಹೊಸ ಟೇಪನ್ನೂ ಸುಮ್ಮನೆ ನಂಬಲಿಲ್ಲ. ಯಜಮಾನರ ಮೇಜಿನ ಮೇಲಿನ ಮೂವತ್ತು ಸೆಂಟಿಮೀಟರಿನ ಉಕ್ಕಿನ ಪಟ್ಟಿಯನ್ನು ಅದರ ಉದ್ದಕ್ಕೂ ಐದು ಸಲ ಇಟ್ಟು ನೋಡಿದಳು. ಸರಿಯಾಗಿತ್ತು. ಕಾರು ಮೂರು ಸುತ್ತು ಉರುಳಿತು. ಐನೂರ ಎಪ್ಪತ್ತಾರು! ಒಂದು ಸುತ್ತಿಗೆ ನೂರ ತೊಂಬತ್ತೆರಡು. ನೂರಕ್ಕೆ ಆರೂ ಮುಕ್ಕಾಲಿಗೆ ಒಂದು ಕೂದಲು ಕಡಿಮೆ. ಬಿಸ್ಕತ್ತಿನ ಡಬ್ಬಿಯನ್ನು ನೆಲಕ್ಕೇ ಸುರಿದು ಮೂವರೂ ಸುತ್ತ ಕುಕ್ಕರಗಾಲಿನಲ್ಲಿ ಕೂತು ಚೀಟಿ ಓದಿದರು. "ಹದಿನಾರು ಹದಿನೈದು! ಇಲ್ಲಿದೆ, ಇಲ್ಲಿದೆ!" ಎಂದು ಕೂಗಿದವರು ಯಜಮಾನರು.

ಮೀಟರಮ್ಮ ಕಾರಿನ ಕೆಳಗೆ ನುಗ್ಗಿದಳು. ಚಾಪೆಯ ಮೇಲೆ ಅಂಗಾತ ಮಲಗಿ, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತಂತಿ ಬಿಚ್ಚಿ ಪೆಟ್ಟಿಗೆ ತೆಗೆದಳು. ಯಜಮಾನರು ಹೊರಗಿನಿಂದ ಬ್ಯಾಟರಿ ಹಿಡಿದರು. ಬೆಳಕು ನಡುಗುತ್ತಿತ್ತು. "ಸ್ವಲ್ಪ ನೆಟ್ಟಗೆ ಹಿಡೀರಿ," ಎನ್ನಲು ಹೋದವಳು ನಾಲಿಗೆ ಕಚ್ಚಿಕೊಂಡು, ಬೆಳಕು ಬಂದಾಗ ಬಂದಾಗ ಸ್ಕ್ರೂ ತಿರುಗಿಸಿದಳು.

ಐದೂವರೆಗೆ ಮತ್ತೆ ಕಲ್ಲುಗಳ ರಸ್ತೆ. ಬಿಸಿಲು ಓರೆಯಾಗಿ ಬಿದ್ದಿತ್ತು. ನಾದಿನಿ ಮುಳ್ಳನ್ನು ಅರವತ್ತಕ್ಕೆ ತಂದು ನಿಲ್ಲಿಸಿದಳು. ಎರಡನೇ ಕಲ್ಲು ದಾಟುವ ಹೊತ್ತಿಗೆ ಮೀಟರಮ್ಮ ವಾಚನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡಿದ್ದಳು. ನಾಲ್ಕನೆಯದರಲ್ಲಿ ವಾಚು ನೋಡುವುದನ್ನೇ ಬಿಟ್ಟಳು. ಕೊನೆಯ ಕಲ್ಲು ಬಂತು, ಒತ್ತಿದಳು, ಕಣ್ಣು ಮುಚ್ಚಿದಳು.

"ನೀವೇ ನೋಡಿ," ಎಂದು ವಾಚನ್ನು ಹಿಂದಕ್ಕೆ ಚಾಚಿದಳು.

ಯಜಮಾನರು ಅದನ್ನು ಎರಡು ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದರು. ಬಹಳ ಹೊತ್ತು ನೋಡಿದರು.

"ಏನಣ್ಣಾ? ಹೇಳೋ ಬೇಗ!"

"ಐದು ನಿಮಿಷ," ಅಂದರು. ಆಮೇಲೆ ವಾಚನ್ನು ಅವಳ ಕೈಗೆ ವಾಪಸು ಕೊಡುತ್ತಾ, "ಮೇಲೆ ಏನೂ ಇಲ್ಲ, ಕೆಳಗೂ ಏನೂ ಇಲ್ಲ. ಐದು ನಿಮಿಷ," ಅಂದರು.

ನಾದಿನಿ ಹಾರನ್ನು ಅದುಮಿದವಳು ಅರ್ಧ ಕಿಲೋಮೀಟರು ಬಿಡಲೇ ಇಲ್ಲ.

ಶುಕ್ರವಾರ ಕಚೇರಿಯ ಹಿಂದಿನ ಶೆಡ್ಡಿನಲ್ಲಿ ಸಾಹೇಬರು ಕಾಯುತ್ತಿದ್ದರು. ನೆಲದಲ್ಲಿ ಹುಗಿದಿದ್ದ ದಪ್ಪ ಕಬ್ಬಿಣದ ಉರುಳೆಗಳ ಮೇಲೆ ಕಾರಿನ ಚಕ್ರಗಳನ್ನು ನಿಲ್ಲಿಸಿದರು. ಕಾರು ನಿಂತಲ್ಲೇ ನಿಂತು ಚಕ್ರಗಳು ಓಡತೊಡಗಿದವು. ಗೋಡೆಯ ಮೇಲೆ ಗಡಿಯಾರದಂಥ ದೊಡ್ಡ ಬಿಲ್ಲೆಯಲ್ಲಿ ನಿಜವಾದ ವೇಗ ಕಾಣುತ್ತಿತ್ತು. ನಾದಿನಿ ಒಳಗಿನಿಂದ, "ನಲವತ್ತು!" ಅಂದಳು. ಗೋಡೆಯೂ ನಲವತ್ತು ಅಂದಿತು. "ಅರವತ್ತು!" ಗೋಡೆಯೂ ಅರವತ್ತು. "ಎಂಬತ್ತು!" ಶೆಡ್ಡಿನ ತಗಡೆಲ್ಲಾ ಗಡಗಡ ಎಂದಿತು. ಗೋಡೆಯ ಬಿಲ್ಲೆಯ ಮುಳ್ಳು ಎಂಬತ್ತನ್ನು ಅರ್ಧದಷ್ಟು ದಾಟಿ ನಿಂತಿತು.

"ಎಂಬತ್ತೂವರೆ. ಅರ್ಧ ಕಿಲೋಮೀಟರು ತಪ್ಪು. ಬಿಡುವುದು ಒಂದು. ಪಾಸು," ಎಂದರು ಸಾಹೇಬರು.

ಮೀಟರಮ್ಮ ಇದ್ದದ್ದನ್ನು ಇದ್ದ ಹಾಗೆ, ಟೇಪಿನ ಕತೆಯನ್ನೂ ಸೇರಿಸಿ ಹೇಳಿಬಿಟ್ಟಳು. ಯಜಮಾನರು ಹಿಂದಿನಿಂದ ಮೊಣಕೈಯಲ್ಲಿ ತಿವಿದರೂ ನಿಲ್ಲಿಸಲಿಲ್ಲ. ಸಾಹೇಬರು ಕೇಳುತ್ತಾ ಕೇಳುತ್ತಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. "ಹೇಳದೆ ಇದ್ದರೂ ಆಗ್ತಿತ್ತಲ್ಲಮ್ಮ," ಎಂದು ಕಾಗದ ಮುಂದಿಟ್ಟರು. ಅವಳು ತನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ, ಗೆರೆ ದಾಟದಂತೆ, ಹೊಲಿಗೆ ಹಾಕಿದ ಹಾಗೆ ಬರೆದಳು. ವಾಪಸು ಕೊಡಬೇಕಾದೀತೆಂದು ತಂದಿದ್ದ ಇಕ್ಕಳವನ್ನು ಚೀಲದಿಂದ ತೆಗೆದಳು. ತನ್ನ ಮೊದಲ ಮುದ್ರೆಯನ್ನು ಅಲ್ಲೇ, ನಾದಿನಿಯ ಮೀಟರಿನ ಹಿಂದೆ ಅದುಮಿದಳು. ಸೀಸ ಬೆಣ್ಣೆಯ ಹಾಗೆ ಒಪ್ಪಿಕೊಂಡಿತು.

ಆದರೂ ಕಾರು ಹತ್ತಿದವಳ ಮುಖ ಪೂರ್ತಿ ಅರಳಿರಲಿಲ್ಲ.

"ಇನ್ನೇನೇ ನಿನ್ನ ಕೊರಗು?" ಎಂದರು ಯಜಮಾನರು.

"ಆ ಅರ್ಧ ಎಲ್ಲಿಂದ ಬಂತು ರೀ?"

"ಪಾಸಾಯ್ತಲ್ಲ, ಬಿಡು!"

"ನಲವತ್ತರಲ್ಲಿ ಸರಿ, ಅರವತ್ತರಲ್ಲಿ ಸರಿ. ಎಂಬತ್ತರಲ್ಲಿ ಯಾಕೆ ತಪ್ಪಬೇಕು? ನಿಂತ ಜಾಗದಲ್ಲಿ ಎಂಬತ್ತು ಹೋಗಿದ್ದು ನನಗೆ ಲೆಕ್ಕಕ್ಕೇ ಇಲ್ಲ. ಏ, ಕಲ್ಲಿನ ರಸ್ತೆಗೆ ಬಿಡು. ಅಲ್ಲಿ ಎಂಬತ್ತು ಹೋಗಬಹುದು. ಕಲ್ಲಿಗೆ ನಲವತ್ತೈದು ಸೆಕೆಂಡು. ಐದು ಕಲ್ಲಿಗೆ ಮೂರು ನಿಮಿಷ ನಲವತ್ತೈದು."

ನಾದಿನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಕಿಟಕಿಯ ಗಾಳಿ ಮೂವರ ಮಾತನ್ನೂ ಕಿತ್ತುಕೊಂಡು ಹೋಯಿತು. ಯಜಮಾನರು ಮುಂದಿನ ಸೀಟನ್ನು ಅಪ್ಪಿಹಿಡಿದು, "ಸಾಯಿಸ್ತೀರಾ ನನ್ನ!" ಎಂದು ಕೂಗುತ್ತಿದ್ದರೂ ಕತ್ತು ಮಾತ್ರ ಮುಳ್ಳಿನ ಕಡೆಗೇ ಇತ್ತು. ಮುಳ್ಳು ಎಂಬತ್ತರ ಗೆರೆಯ ಮೇಲೆ ಗೀಚಿಟ್ಟ ಹಾಗೆ ನಿಂತಿತ್ತು. ಕಲ್ಲುಗಳು ಒಂದರ ಹಿಂದೊಂದು ಹಾರಿಬಂದವು.

ಕೊನೆಯ ಕಲ್ಲಿಗೆ ಮೀಟರಮ್ಮ ವಾಚು ಒತ್ತಿದಳು, ನೋಡಿದಳು, ಸೀಟಿನಲ್ಲೇ ಎದ್ದುನಿಲ್ಲಲು ಹೋಗಿ ತಲೆ ಬಡಿಸಿಕೊಂಡಳು.

"ಮೂರು ನಿಮಿಷ ನಲವತ್ತೈದು! ನಂದು ಸರಿ! ತಪ್ಪಿರೋದು ಸಾಹೇಬರ ಉರುಳೆಯದ್ದು!"

"ಆಯ್ತು, ಮಹಾತಾಯಿ, ಮನೆಗೆ ನಡಿ."

"ಮನೆಗೆ? ಊರಿನ ಕಾರನ್ನೆಲ್ಲಾ 'ನಿಮ್ಮದು ತಪ್ಪು' ಅಂತಾರಲ್ಲ ರೀ ಅವರು! ಯಾರಾದರೂ ಹೇಳಬೇಡವಾ? ತಿರುಗಿಸು ಕಾರು!"

"ಇವತ್ತೇ ಕೊಟ್ಟ ಕಾಗದ ಇವತ್ತೇ ಕಿತ್ತುಕೊಳ್ತಾರೆ ಕಣೇ!"

"ಕಿತ್ತುಕೊಳ್ಳಲಿ ನೋಡೋಣ. ವಾಪಸು ಹೋಗುವಾಗಲೂ ಐದು ಕಲ್ಲು ಅಳೆದುಕೊಂಡೇ ಹೋಗೋಣ, ಎರಡು ಸಾಕ್ಷಿ ಇರುತ್ತೆ."

ನಾದಿನಿ ಅಷ್ಟರಲ್ಲಾಗಲೇ ಕನ್ನಡಿ ನೋಡಿಕೊಂಡು, ನಗುತ್ತಾ, ಕಾರನ್ನು ಕಚೇರಿಯ ಕಡೆಗೆ ತಿರುಗಿಸಿದ್ದಳು.